ಬಾಗಿಲ ಚಿಲಕದ ರೊಟ್ಟಿ ಗಂಟು

ನಾವೀಗ ಇರುವ ದಹಿಸರ್‌ನಲ್ಲಿ, ಸ್ಟೇಷನ್ನಿನ ಸೇತುವೆ ಇಳಿಯುವ ಕಡೆ ಒಬ್ಬ ಹೆಂಗಸು ಹೊಸದಾಗಿ ಭಾಕರಿ ಮಾರಲು ಕೂತಿದ್ದಾಳೆ. ಕಳೆದ ಭಾನುವಾರ ಮಧ್ಯಾಹ್ನ ನಾನೂ ನಮ್ಮ ಯಜಮಾನರೂ ಬೊರಿವಲಿಗೆ ಹೊರಟಿದ್ದೆವು. ಆಕೆ ಬಡಿದ ರೊಟ್ಟಿಯನ್ನು ಕಾದ ಹಂಚಿಗೆ ಹಾಕಿ ಮೇಲೆ ನೀರು ಸವರಿದಳು. ಆ ಹಸಿ ಜೋಳದ ಹಬೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಅಲ್ಲೇ ನಿಂತವು. ಹಿಂದಿನಿಂದ ಬಂದವರು ಬೈದುಕೊಂಡು ಪಕ್ಕಕ್ಕೆ ಸರಿದು ಹೋದರು. ಯಜಮಾನರು ಹತ್ತು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿ, "ಏನಾತು? ಗಾಡಿ ಬಂತು," ಎಂದರು. ಆ ಹೊತ್ತಿಗೆ ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

ಅವತ್ತು ನಮ್ಮ ಸಭೆಯ ವಾರ್ಷಿಕೋತ್ಸವ. ಯಜಮಾನರು ಅದರ ಪಾಸ್ಟರ್, ನಾನು ಪಾಸ್ಟರಮ್ಮ. ಪಾಸ್ಟರಮ್ಮನ ಪಾಲಿಗೆ ಪ್ರತಿ ವರ್ಷ ಬರುವುದು ವಂದನಾರ್ಪಣೆ. ನಮ್ಮ ಸೇವೆಗೆ ಬೆಂಬಲ ಕೊಟ್ಟವರಿಗೆಲ್ಲ ಕೃತಜ್ಞತೆ ಹೇಳುವುದು. ಕಮಿಟಿಯವರು ಟೈಪ್ ಮಾಡಿಸಿ ಕೊಟ್ಟ ಪಟ್ಟಿ ಪರ್ಸಿನಲ್ಲಿತ್ತು. ಮೊದಲು ದೇವರಿಗೆ, ಆಮೇಲೆ ಮುಖ್ಯ ಅತಿಥಿಗಳಿಗೆ, ಆಮೇಲೆ ಹಾಲ್ ಕೊಟ್ಟವರಿಗೆ, ಮೈಕಿನವರಿಗೆ, ಊಟ ಕೊಡಿಸಿದ ಉಡುಪಿ ಹೋಟೆಲಿನ ಶೆಟ್ಟರಿಗೆ. ಎಲ್ಲರೂ ಇದ್ದರು. ಗಾಡಿ ಹತ್ತಿದ ಮೇಲೂ ಆ ಹಬೆ ನನ್ನ ಮೂಗು ಬಿಡಲಿಲ್ಲ...

ನಾವು ಧಾರವಾಡ ಬಿಟ್ಟು ಮುಂಬಯಿಯ ಆಂಟಾಪ್ ಹಿಲ್‌ಗೆ ಬಂದಾಗ ನನಗೆ ಇಪ್ಪತ್ತಾರು ವರ್ಷ. ಯಜಮಾನರು ಸಂಬಳದ ಸೇವೆ ಬಿಟ್ಟು ವಿಶ್ವಾಸದ ಸೇವೆಗೆ ಇಳಿದಿದ್ದರು. ವಿಶ್ವಾಸದ ಸೇವೆ ಎಂದರೆ ಸಂಬಳವಿಲ್ಲ. ದೇವರು ಕೊಟ್ಟರೆ ಉಣ್ಣುವುದು, ಕೊಡದಿದ್ದರೆ ಉಪವಾಸ ಪ್ರಾರ್ಥನೆ ಎಂದು ಹೇಳಿಕೊಳ್ಳುವುದು. ಒಂದು ಶಾಲೆಯ ಕೋಣೆಯಲ್ಲಿ ಭಾನುವಾರ ಕನ್ನಡ ಆರಾಧನೆ ಶುರು ಮಾಡಿದೆವು. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಮನೆಗೆಲಸದ ಹೆಂಗಸರು ಸೇರಿ ಇಪ್ಪತ್ತು ಮೂವತ್ತು ಜನ ಬರುತ್ತಿದ್ದರು. ಚಾಳಿನ ಮೂರನೇ ಮಾಳಿಗೆಯಲ್ಲಿ ನಮ್ಮ ಖೋಲಿ. ಸರಿಯಾಗಿ ಅದರ ಕೆಳಗೆ, ಎರಡನೇ ಮಾಳಿಗೆಯಲ್ಲಿ, ಆಕೆಯದು.

ಎಲ್ಲರೂ ರೊಟ್ಟಿ ಅಕ್ಕ ಎನ್ನುತ್ತಿದ್ದರು. ಕಲಬುರಗಿ ಕಡೆಯವಳು, ಗಂಡ ಸತ್ತವಳು, ಮಕ್ಕಳಿಲ್ಲ. ಬೆಳಗಿನಿಂದ ಹನ್ನೊಂದರವರೆಗೆ ಕೂತಲ್ಲೇ ಕೂತು ಜೋಳದ ರೊಟ್ಟಿ ಬಡಿದು ಸುತ್ತಲಿನ ಖಾನಾವಳಿಗಳಿಗೆ ಕೊಡುತ್ತಿದ್ದಳು. ಭಾನುವಾರ ನಮ್ಮ ಆರಾಧನೆಗೆ ಬರುತ್ತಿದ್ದಳು. ಆಕೆಯ ಹೆಸರು ನಾನು ಬರೆಯುವುದಿಲ್ಲ. ಬದುಕಿದ್ದಾಗ ಯಾವ ಪಟ್ಟಿಯಲ್ಲೂ ಬರೆಯದ ಹೆಸರನ್ನು ಈಗ ಬರೆದು ನಾನು ದೊಡ್ಡವಳಾಗುವುದು ಬೇಡ.

ಬಂದ ಮೂರನೇ ತಿಂಗಳಿಗೆ ನಮ್ಮ ಡಬ್ಬಿಗಳೆಲ್ಲ ಖಾಲಿಯಾದವು. ಯಜಮಾನರ ಒಂದು ಕಟ್ಟಾಜ್ಞೆ ಇತ್ತು. ನಮ್ಮ ಕೊರತೆಯನ್ನು ಮನುಷ್ಯರಿಗೆ ಹೇಳಕೂಡದು. ಮನುಷ್ಯರಿಗೆ ಹೇಳಿದರೆ ಅದು ಭಿಕ್ಷೆ, ಮೊಣಕಾಲೂರಿ ದೇವರಿಗೆ ಹೇಳಿದರೆ ಅದು ವಿಶ್ವಾಸ. ಪ್ರಸಂಗ ಮಾಡುವ ಪುಲ್ಪಿಟ್ಟಿನಿಂದಲೂ ಇದನ್ನೇ ಹೇಳುತ್ತಿದ್ದರು, ವಾರ ಬಿಟ್ಟು ವಾರ. ಸರಿ, ಎರಡು ದಿನ ನೀರು ಕುಡಿದು ಮೊಣಕಾಲೂರಿದೆವು. ಮೂರನೇ ದಿನ ಮಧ್ಯಾಹ್ನ ಬಾಗಿಲು ತೆಗೆದರೆ ಹೊರಗಿನ ಚಿಲಕಕ್ಕೆ ಒಂದು ಬಟ್ಟೆಯ ಗಂಟು ತೂಗುತ್ತಿತ್ತು. ಬಿಚ್ಚಿದೆ. ಆರು ಬಿಸಿ ರೊಟ್ಟಿ, ಪುಂಡಿ ಪಲ್ಯ, ಎಲೆಯಲ್ಲಿ ಸುತ್ತಿದ ಶೇಂಗಾ ಹಿಂಡಿ.

ಯಜಮಾನರು ಅಲ್ಲೇ ಹೊಸ್ತಿಲಲ್ಲಿ ಮೊಣಕಾಲೂರಿ, "ದೇವರು ಕಳಿಸಿದ," ಎಂದು ಕಣ್ಣೀರು ಹಾಕಿದರು. ನಾನೂ ಹಾಕಿದೆ. ಹಸಿದ ಹೊಟ್ಟೆಗೆ ಕಣ್ಣೀರು ಬೇಗ ಬರುತ್ತದೆ. ಆದರೆ ಆ ಬಟ್ಟೆ ಯಾರದೆಂದು ನನಗೆ ಗೊತ್ತಿತ್ತು. ನೀಲಿ ಚೌಕಳಿಯ ಹಳೆಯ ಟವೆಲ್, ಅಂಚಿಗೆಲ್ಲ ಜೋಳದ ಹಿಟ್ಟು. ಇವರಿಗೂ ಗೊತ್ತಿತ್ತು. ಅಷ್ಟು ಕುರುಡರೇನಲ್ಲ.

ನಮ್ಮ ಒಲೆಯಿಂದ ಎರಡು ದಿನ ಒಗ್ಗರಣೆಯ ವಾಸನೆ ಬರದಿದ್ದುದನ್ನು ಕೆಳಗೆ ಕೂತೇ ಆಕೆ ಲೆಕ್ಕ ಹಾಕಿದ್ದಳು, ಅಷ್ಟೇ. ಬಾಗಿಲು ಬಡಿದು ಕೊಟ್ಟರೆ ಹರೆಯದ ಪಾಸ್ಟರಮ್ಮ ನಾಚಿಕೊಂಡಾಳೆಂದು ಚಿಲಕಕ್ಕೆ ಸಿಕ್ಕಿಸಿ ಹೋದಳು. ಮರುದಿನ ನಾನು ಟವೆಲ್ ಒಗೆದು ಮಡಿಚಿ, ಆಕೆ ಗಿರಣಿಗೆ ಹೋದ ಹೊತ್ತು ನೋಡಿ ಆಕೆಯ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಬಂದೆ. ಇದು ವಾರಕ್ಕೆ ಎರಡು ಸಲ, ಮೂರು ಸಲ, ಆರು ವರ್ಷ ನಡೆಯಿತು. ಮೆಟ್ಟಿಲಲ್ಲಿ ಎದುರಾದರೆ ಮಳೆ ಬಿಸಿಲಿನ ಮಾತಾಡುತ್ತಿದ್ದೆವು, ನೀರು ಬಂತೋ ಇಲ್ಲವೋ ಎಂದು ಕೇಳುತ್ತಿದ್ದೆವು.

ಮೊದಲ ಗಂಟು ಬಂದ ವಾರದ ಭಾನುವಾರವೇ ಯಜಮಾನರು ಸಭೆಯ ಮುಂದೆ ನಿಂತು ದೇವರ ಉಪಕಾರದ ಸಾಕ್ಷಿ ಹೇಳಿದರು. "ಯಾರಿಗೂ ಹೇಳಲಿಲ್ಲ. ಮೊಣಕಾಲೂರಿದೆವು. ಕಣ್ಣು ತೆರೆದರೆ ಬಾಗಿಲಲ್ಲಿ ಬಿಸಿ ರೊಟ್ಟಿ." ಸಭೆಯವರು ಸ್ತೋತ್ರ ಸ್ತೋತ್ರ ಎಂದರು. ಕೊನೆಯ ಸಾಲಿನಲ್ಲಿ ಜಮಖಾನೆಯ ಮೇಲೆ ಕೂತ ರೊಟ್ಟಿ ಅಕ್ಕ ತಲೆಯ ಮೇಲೆ ಸೆರಗೆಳೆದುಕೊಂಡು ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದಳು. ನನಗೆ ಮುಖ ಎತ್ತಲಾಗಲಿಲ್ಲ. ಅವತ್ತು ಸಂಜೆ ಆಕೆಯ ಖೋಲಿಗೆ ಹೋಗಿ ಮಾತು ತೆಗೆದೆ. ಆಕೆ ಅರ್ಧಕ್ಕೇ ತಡೆದಳು.

"ಸುಮ್ನಿರ್ರಿ ಅಮ್ಮಾರ. ಅಯ್ಯಾರ ಸಾಕ್ಷಿ ಕೆಡ್ತದ."

ನಾನು ಸುಮ್ಮನಾದೆ. ಸುಮ್ಮನಾಗುವುದು ನನಗೆ ಸುಲಭವೂ ಆಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆ ಸಾಕ್ಷಿ ಆಮೇಲೆ ಮುಂಬಯಿಯ ಎಲ್ಲ ಕನ್ನಡ ಸಭೆಗಳಿಗೂ ಹೋಯಿತು, ಹುಬ್ಬಳ್ಳಿಗೂ ಬೆಳಗಾವಿಗೂ ಹೋಯಿತು. ಎಲ್ಲಿ ಹೋದರೂ ಹೆಂಗಸರು ನನ್ನ ಕೈ ಹಿಡಿದು, ನಿಮ್ಮ ವಿಶ್ವಾಸ ದೊಡ್ಡದಮ್ಮ ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ತಿಂಗಳಿಗೊಮ್ಮೆ ಊರ ಕಡೆಯ ಬೆಂಬಲಿಗರಿಗೆ ಪ್ರಾರ್ಥನಾ ಪತ್ರ ಬರೆಯುವ ಕೆಲಸವೂ ನನ್ನದೇ, ಅಕ್ಷರ ದುಂಡಗಿವೆ ಎಂದು. ಧಾರವಾಡದಿಂದ ಹಳೆಯ ಸೀರೆ ಕಳಿಸಿದವರ ಹೆಸರು ಬರೆದು ವಂದನೆ ಹೇಳಿದ್ದೇನೆ. ಗದಗಿನಿಂದ ಹಾರ್ಮೋನಿಯಂ ಕಳಿಸಿದವರ ಹೆಸರು, ಅವರ ಮಕ್ಕಳ ಹೆಸರು ಕೂಡ ಬರೆದಿದ್ದೇನೆ. ಆದರೆ ರೊಟ್ಟಿಯ ಮಾತು ಬಂದಲ್ಲೆಲ್ಲ ಬರೆದದ್ದು ಒಂದೇ, ಕರ್ತನು ಅದ್ಭುತವಾಗಿ ಪೋಷಿಸಿದನು. ದೂರದವರು ಪೋಸ್ಟಿನಲ್ಲಿ ಕಳಿಸಿದರೆ ದಾನಿಗಳು. ಮಾಳಿಗೆ ಹತ್ತಿ ತಂದವಳು ಲೆಕ್ಕಕ್ಕಿಲ್ಲ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಯಾರ ಮೇಲೆ ಉರಿಯಲಿ, ಬರೆದ ಕೈ ನನ್ನದೇ.

ಆಕೆ ಮಾಡಿದ್ದು ರೊಟ್ಟಿಯೊಂದೇ ಅಲ್ಲ. ಭಾನುವಾರ ನಮಗಿಂತ ಮೊದಲು ಶಾಲೆಗೆ ಹೋಗಿ ಬೆಂಚು ಸರಿಸಿ ಕಸ ಗುಡಿಸಿ ಜಮಖಾನೆ ಹಾಸುತ್ತಿದ್ದಳು. ಸಭೆಗೆ ಬರದ ಹೆಂಗಸರ ಬಾಗಿಲಿಗೆ ಹೋಗಿ, "ಏನ್ ಮಹಾರಾಣಿ, ಇವತ್ತರ ಬರ್ತೀ ಇಲ್ಲ?" ಎಂದು ಚಾಷ್ಟಿ ಮಾಡಿ ಎಬ್ಬಿಸಿಕೊಂಡು ಬರುತ್ತಿದ್ದಳು. ನನಗೆ ಎರಡನೆಯ ಬಸಿರು ಇಳಿದಾಗ ಹದಿನೈದು ದಿನ ನನ್ನ ಬಟ್ಟೆ ಒಗೆದವಳು ಆಕೆ. ಅದಕ್ಕೂ ನಾವು ಸ್ತೋತ್ರ ಹೇಳಿದ್ದು ಮೇಲಿನವನಿಗೇ.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇತ್ತು, ಈಗಲೂ ಇದೆ. ಪ್ರಾರ್ಥನೆಯ ಹೊತ್ತಿಗೆ ಪಾಸ್ಟರ್ ಎಲ್ಲರನ್ನೂ ಕಣ್ಣು ಮುಚ್ಚಲು ಹೇಳಿ, ಬಾಯಿ ಬಿಟ್ಟು ಹೇಳಲಾಗದ ಬಿನ್ನಹ ಇದ್ದವರು ಸುಮ್ಮನೆ ಕೈ ಎತ್ತಿ ಎನ್ನುತ್ತಾರೆ. ಎತ್ತಿದವರನ್ನು ನೋಡಿ "ದೇವರು ಬಲ್ಲನು" ಎಂದು ಮುಂದೆ ಹೋಗುತ್ತಾರೆ. ಏನು, ಎತ್ತ ಎಂದು ಯಾರೂ ಕೇಳುವಂತಿಲ್ಲ. ಎಲ್ಲರ ಕಣ್ಣು ಮುಚ್ಚಿರುತ್ತವೆ. ನನ್ನದೊಂದು ಅರ್ಧ ತೆರೆದಿರುತ್ತಿತ್ತು. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ಪಾಸ್ಟರಮ್ಮ ನೋಡಬೇಕಲ್ಲ.

ಏಳನೆಯ ವರ್ಷ ರೊಟ್ಟಿ ಅಕ್ಕ ಕೈ ಎತ್ತಲು ಶುರು ಮಾಡಿದಳು. ಒಂದು ವಾರ ಎತ್ತಿದಳು, ಮತ್ತೊಂದು ವಾರ ಎತ್ತಿದಳು. ಎತ್ತುತ್ತಲೇ ಇದ್ದಳು. ಅದೂ ಎಡಗೈ. ನಾನು ನೋಡಿದೆ. ನೋಡಿ ನನಗೆ ಹೊಳೆದದ್ದೇನು ಗೊತ್ತೇ? ದೇವರ ಸನ್ನಿಧಿಯಲ್ಲಿ ಎಡಗೈ ಎತ್ತುತ್ತಾಳಲ್ಲ, ಹೊಸಬರು ನೋಡಿದರೆ ಏನಂದಾರು ಎಂದು. ಆರಾಧನೆ ಮುಗಿದ ಮೇಲೆ ಆಕೆಯನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಎಡಗೈ ಎತ್ತಬ್ಯಾಡ. ಛಲೋ ಕಾಣೂದಿಲ್ಲ," ಎಂದೆ. ಆಕೆ "ಹೌದರಿ ಅಮ್ಮಾರ, ತಪ್ಪಾಯ್ತು," ಎಂದು ನಾಲಿಗೆ ಕಚ್ಚಿಕೊಂಡಳು.

ಮುಂದಿನ ಭಾನುವಾರ ಆಕೆ ಬಲಗೈ ಎತ್ತಿದಳು. ಕಿವಿಯವರೆಗೂ ಬರಲಿಲ್ಲ ಆ ಕೈ. ಎಡಗೈಯಿಂದ ಮೊಣಕೈಯನ್ನು ಕೆಳಗಿನಿಂದ ಎತ್ತಿ ಹಿಡಿದಿದ್ದಳು. ನನ್ನ ಅರ್ಧ ಕಣ್ಣು ಅದನ್ನೂ ನೋಡಿತು. ನೋಡಿ, ಸದ್ಯ ಮಾತು ಕೇಳಿದಳು ಎಂದು ಸಮಾಧಾನ ಮಾಡಿಕೊಂಡೆ...

ನನ್ನಷ್ಟು ಹೊಲಸು ಕಣ್ಣು ಯಾರಿಗೂ ಬೇಡ.

ಕೊನೆಗೆ ನನಗೆ ಹೇಳಿದ್ದು ಗಿರಣಿ ಚಾಚಾ. ವಿಜಯಪುರದ ಮುಸಲ್ಮಾನ, ನಮ್ಮ ಚಾಳಿನ ಬಾಯಿಗೇ ಆತನ ಹಿಟ್ಟಿನ ಗಿರಣಿ. ರೊಟ್ಟಿ ಅಕ್ಕನ ಜೋಳವೆಲ್ಲ ಅಲ್ಲೇ ಬೀಸುವುದು. ನಾನು ಗೋಧಿ ಬೀಸಿಸಲು ಹೋದಾಗ ಆತ ಗಿರಣಿ ಬಂದ್ ಮಾಡಿ ಹೊರಗೆ ಬಂದ.

"ಅಕ್ಕಾರ, ಬುರಾ ಮಾನಬ್ಯಾಡ್ರಿ, ಒಂದ ಮಾತ ಕೇಳ್ತೀನಿ. ರೊಟ್ಟಿ ಅಕ್ಕಾನ ಬಲಗೈ ನೋಡೀರೇನು? ಹೀಂಗ ಬಾತೈತಿ. ಮೂರ ತಿಂಗಳಾತು, ಹಿಟ್ಟಿನ ಡಬ್ಬಿ ನಾನ ಮ್ಯಾಲ ಒಯ್ದು ಇಡಾಕತ್ತೀನಿ. ದವಾಖಾನಿಗಿ ಹೋಗಂದ್ರ ನಗತಾಳ. ನಿಮ್ಮ ಮಾತಾದ್ರ ಕೇಳ್ತಾಳ, ನೀವ ಹೇಳ್ರಿ."

ಒಂದು ಸಲವೂ ನಮ್ಮ ಆರಾಧನೆಗೆ ಬರದ ಮನುಷ್ಯ. ಹಿಟ್ಟಿನ ಧೂಳಿನಲ್ಲಿ ಕಣ್ಣು ಕಿರಿದು ಮಾಡಿಕೊಂಡೇ ನೋಡುವ ಮನುಷ್ಯ. ಆತನಿಗೆ ಕಂಡಿತು. ವಾರವಾರ ಆಕೆಯ ಹೆಸರು ಹಿಡಿದು ಪ್ರಾರ್ಥಿಸುವ ನಮಗೆ ಕಾಣಲಿಲ್ಲ.

ಗೋಧಿ ಅಲ್ಲೇ ಬಿಟ್ಟು ಓಡಿದೆ. ಆಕೆ ಎಡಗೈ ಒಂದರಿಂದಲೇ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲು ಹಾಕಿ, ತೋರಿಸು ಎಂದೆ. ಮೊದಲು ಒಲ್ಲೆ ಎಂದಳು. ಆಮೇಲೆ ಕುಪ್ಪಸದ ಗುಂಡಿ ಬಿಚ್ಚಿದಳು. ಬಲ ಎದೆಯ ಮೇಲೆ ಮಡಿಸಿ ಕಟ್ಟಿದ ಬಟ್ಟೆ ಇತ್ತು. ಅದನ್ನು ತೆಗೆದಾಗ ಕಂಡದ್ದನ್ನು ನಾನು ಬರೆಯಲಾರೆ. ಗಂಟು ಒಡೆದು ಹುಣ್ಣಾಗಿ ಬಹಳ ದಿನವಾಗಿತ್ತು.

"ಯಾಕ ಹೇಳಲಿಲ್ಲ ಅಕ್ಕಾ? ನಾ ಇಲ್ಲೇ ಮ್ಯಾಲ ಇದ್ದೆನಲ್ಲ," ಎಂದೆ. ನನ್ನ ದನಿ ಆಗಲೇ ಒದರಾಟವಾಗಿತ್ತು.

ಆಕೆ ಗುಂಡಿ ಹಾಕಿಕೊಳ್ಳುತ್ತಾ ನನ್ನನ್ನೇ ಸಮಾಧಾನ ಮಾಡುವವಳ ಹಾಗೆ ಹೇಳಿದಳು. "ಹೇಳೀನಲ್ರಿ ಅಮ್ಮಾರ. ವರ್ಷ ಆಯ್ತು, ದೇವರಿಗಿ ದಿನಾ ಹೇಳಲತೀನಿ. ಮನಷ್ಯಾರಿಗಿ ಹೇಳಬಾರ್ದು ಅಂತ ಅಯ್ಯಾರೇ ಅಂತಾರಲ್ಲ. ನಿಮಗ ಹ್ಯಾಂಗ ಬಾಗಲಿಗಿ ಬಂತು, ಹಂಗೇ ನನಗೂ ಬರ್ತದಂತ ಕುಂತಿದ್ದೆ."

ನಿಮಗೆ ಬಾಗಿಲಿಗೆ ಬಂದ ಹಾಗೆ. ತಂದವಳು ತಾನೇ ಎಂಬುದನ್ನು ಆಕೆಯೇ ಮರೆತಿದ್ದಳು. ಆರು ವರ್ಷ ನಮ್ಮ ಸಾಕ್ಷಿ ಕೇಳಿ ಕೇಳಿ, ರೊಟ್ಟಿ ತನ್ನಷ್ಟಕ್ಕೆ ತಾನೇ ಮಾಳಿಗೆ ಹತ್ತಿ ಹೋಯಿತೆಂದು ನಂಬಿಬಿಟ್ಟಿದ್ದಳು. ನಾವು ಯಾರಿಗೂ ಹೇಳದೆ ಬದುಕಿದ್ದು ನಿಜ. ಆದರೆ ಬದುಕಿದ್ದು ಕೆಳಗೊಬ್ಬಳು ಮೂಗು ತೆರೆದುಕೊಂಡು ಕೂತಿದ್ದರಿಂದ. ಆಕೆಯ ಕೆಳಗಿನ ಮಾಳಿಗೆಯಲ್ಲಿ ಯಾರು ಕೂತಿದ್ದರು?

ಪರೇಲಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಲ್ಲೆಲ್ಲಿಯೋ ಊರುಗಳಿಂದ ಎರಡು ಮೂರು ದಿನ ರೈಲಿನಲ್ಲಿ ಬಂದು, ಹಾಸಿಗೆ ಸಿಗುವ ತನಕ ಫುಟ್‌ಪಾತಿನಲ್ಲಿ ಮಲಗಿ ಕಾಯುತ್ತಾರೆ ಅಲ್ಲಿ ಜನ. ನಮ್ಮ ಚಾಳಿನಿಂದ ಅದು ಒಂದು ಬಸ್ಸಿನ ದಾರಿ. ಡಾಕ್ಟರಮ್ಮ ನೋಡಿ, "ಇತನಾ ಲೇಟ್ ಕ್ಯೂಂ ಲಾಯೇ?" ಇಷ್ಟು ತಡವಾಗಿ ಯಾಕೆ ತಂದಿರಿ ಎಂದು ನನ್ನನ್ನು ಕೇಳಿದರು. ಬೈದು ಕೇಳಲಿಲ್ಲ, ಸುಸ್ತಾಗಿ ಕೇಳಿದರು. ಒಂದು ವರ್ಷ ಮೊದಲು ಬಂದಿದ್ದರೆ ಎಂದು ಶುರು ಮಾಡಿ, ಚೀಟಿ ಬರೆಯತೊಡಗಿದರು.

ನಾಲ್ಕು ತಿಂಗಳು ಇದ್ದಳು. ನಾನು ದಿನಾ ಹೋದೆ. ಗಂಜಿ ಒಯ್ದೆ, ತಲೆ ಬಾಚಿದೆ, ಮೈ ಒರೆಸಿದೆ. ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ಅಮ್ಮಾರ, ಭಾಳ ಮಾಡಿದ್ರಿ ನನಗ. ಥ್ಯಾಂಕ್ಯೂ," ಎಂದಳು. ಆ ಇಂಗ್ಲಿಷ್ ಮಾತು ಯಾವ ಖಾನಾವಳಿಯಲ್ಲಿ ಕಲಿತಿದ್ದಳೋ. ನಾನು ಏನೆಂದೆ ಎಂದರೆ... ಬಾಯಿಗೆ ಅಷ್ಟು ರೂಢಿಯಾಗಿತ್ತು. "ನನಗ್ಯಾಕ ಅಕ್ಕಾ, ದೇವರಿಗೆ ಹೇಳು," ಎಂದೆ.

ಆಕೆ "ಹೌದರಿ," ಎಂದು ಕಣ್ಣು ಮುಚ್ಚಿದಳು. ಆಗಲಾದರೂ ನಾನು ಹೇಳಬೇಕಿತ್ತು. ಅಕ್ಕಾ, ಥ್ಯಾಂಕ್ಯೂ ನಾನು ಹೇಳಬೇಕಾದ್ದು, ಆರು ವರ್ಷದ ರೊಟ್ಟಿಗೆ, ನನ್ನ ರಕ್ತದ ಬಟ್ಟೆ ಒಗೆದದ್ದಕ್ಕೆ ಎಂದು. ಹೇಳಲಿಲ್ಲ. ನರ್ಸ್ ಬಂದಳು, ಹೊತ್ತಾಯಿತು ಎಂದಳು, ನಾನು ಡಬ್ಬಿ ಎತ್ತಿಕೊಂಡು ಬಸ್ಸಿಗೆ ಹೋದೆ. ನಾಳೆ ಹೇಳಿದರಾಯಿತು ಎಂದುಕೊಂಡೆನೋ ಇಲ್ಲವೋ, ಅದೂ ನೆನಪಿಲ್ಲ.

ಮಣ್ಣಿನ ದಿನ ಯಜಮಾನರು ಪ್ರಸಂಗ ಮಾಡಿದರು. ಈ ಸಹೋದರಿ ವಿಶ್ವಾಸದ ವೀರೆ, ಅಷ್ಟು ನೋವಿದ್ದರೂ ಒಬ್ಬ ಮನುಷ್ಯನ ಮುಂದೆ ಬಾಯಿ ಬಿಡಲಿಲ್ಲ ಎಂದರು. ಜನ ಸ್ತೋತ್ರ ಎಂದರು. ಗಿರಣಿ ಚಾಚಾ ಗೇಟಿನ ಹತ್ತಿರ ನಿಂತಿದ್ದ. ಆತ ಮಾತ್ರ ನೆಲ ನೋಡುತ್ತಿದ್ದ. ನನ್ನ ಗಂಡ ಕೆಟ್ಟವರಲ್ಲ. ಅವತ್ತು ಹೆಗಲು ಕೊಟ್ಟವರು, ಬಿಕ್ಕಿ ಬಿಕ್ಕಿ ಅತ್ತವರು. ಆದರೆ ಆಕೆಯ ಸಾವನ್ನೂ ಒಂದು ಸಾಕ್ಷಿ ಮಾಡಿಕೊಂಡರಲ್ಲ, ಅದನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮೆಯ ಮೇಲೆ ಹೆಂಗಸರ ಕೂಟದಲ್ಲಿ ವರ್ಷಕ್ಕೆ ನಾಲ್ಕು ಸಲ ಪಾಠ ಹೇಳುತ್ತೇನೆ. ಇದೊಂದು ಆಗುತ್ತಿಲ್ಲ.

ಕಳೆದ ಭಾನುವಾರ ಬೊರಿವಲಿಯ ಹಾಲ್‌ನಲ್ಲಿ ಮುನ್ನೂರು ಜನ ಸೇರಿದ್ದರು. ಹುಡುಗ ಹುಡುಗಿಯರಿಗೆ ಕನ್ನಡ ಅಷ್ಟಕ್ಕಷ್ಟೇ, ಒಬ್ಬ ಹಿಂದಿಯಲ್ಲಿ ಅನುವಾದ ಮಾಡುತ್ತಿದ್ದ. ಯಜಮಾನರು ಮೈಕಿನ ಮುಂದೆ ನಿಂತು ಮತ್ತೆ ಅದೇ ಶುರು ಮಾಡಿದರು. "ಯಾರಿಗೂ ಹೇಳಲಿಲ್ಲ. ಮೊಣಕಾಲೂರಿದೆವು..." ಅವರಿಗೆ ಈಗ ಅರವತ್ತಾಯಿತು, ದನಿ ನಡುಗುತ್ತದೆ, ಅದರಿಂದ ಆ ಕಥೆ ಇನ್ನೂ ಚೆನ್ನಾಗಿ ಕೇಳುತ್ತದೆ.

ವಂದನಾರ್ಪಣೆಗೆ ನನ್ನನ್ನು ಕರೆದರು. ಪಟ್ಟಿ ಬಿಚ್ಚಿದೆ. ದೇವರು, ಅತಿಥಿಗಳು, ಹಾಲ್ ಕೊಟ್ಟವರು, ಮೈಕಿನವರು, ಶೆಟ್ಟರು, ಎಲ್ಲರಿಗೂ ಹೇಳಿದೆ. ಮುಗಿಯಿತೆಂದು ಜನ ಚಪ್ಪಲಿ ಹುಡುಕಲು ಶುರು ಮಾಡಿದ್ದರು. ಪಟ್ಟಿ ಮಡಿಚಿ ಹೇಳಿದೆ: "ಆ ರೊಟ್ಟಿ ಬಡಿದದ್ದು ನಮ್ಮ ಕೆಳಗಿನ ಖೋಲಿಯ ಅಕ್ಕ. ತಂದು ಚಿಲಕಕ್ಕೆ ಸಿಕ್ಕಿಸಿದವಳೂ ಆಕೆಯೇ. ಇದು ನಮಗಿಬ್ಬರಿಗೂ ಮೊದಲ ದಿನದಿಂದ ಗೊತ್ತಿತ್ತು. ಆಕೆಗೆ ಖಾಯಿಲೆ ಬಂದಾಗ ನಾವು ಕಲಿಸಿದ ಹಾಗೆ ಯಾರಿಗೂ ಹೇಳದೆ ಸತ್ತಳು. ಆಕೆಗೆ ನನ್ನ ವಂದನೆಗಳು."

ಹಿಂದಿನಿಂದ ಯಾರೋ ಹಿರಿಯರು ರೂಢಿಯ ಮೇಲೆ, "ದೇವರಿಗೆ ಸ್ತೋತ್ರ," ಎಂದರು.

"ದೇವರಿಗಲ್ಲ," ಎಂದೆ. "ಆಕೆಗೆ."

ಮೈಕಿನವನು ಆಫ್ ಮಾಡಿದನೋ, ಅದೇ ಕೆಟ್ಟಿತೋ ಗೊತ್ತಿಲ್ಲ. ಆಮೇಲಿನದು ಯಾರಿಗೂ ಕೇಳಿಸಲಿಲ್ಲ. ಊಟಕ್ಕೆ ಕೂತಾಗ ನನ್ನ ಪಕ್ಕದ ಎರಡು ಕುರ್ಚಿ ಖಾಲಿ ಉಳಿದವು.

ಬೊರಿವಲಿಯಿಂದ ದಹಿಸರ್‌ಗೆ ಒಂದೇ ಸ್ಟೇಷನ್. ವಿರಾರ್ ಗಾಡಿಯ ಗದ್ದಲದಲ್ಲಿ ಬಾಗಿಲ ಹತ್ತಿರ ನಿಂತಿದ್ದೆವು. ಗಾಡಿ ಬಿಟ್ಟ ಮೇಲೆ ಯಜಮಾನರು ನನ್ನ ಕಡೆ ನೋಡದೆ ಹೇಳಿದರು, "ಆಕಿ ಒಂದ ಮಾತು ನನ್ನ ಮುಂದ ಹೇಳಬೇಕಾಗಿತ್ತು."

"ಹೇಳಿದ್ರ ಏನ್ ಮಾಡ್ತಿದ್ರಿ?"

ಅವರು ಸುಳ್ಳು ಹೇಳುವ ಮನುಷ್ಯರಲ್ಲ.

"ಪ್ರಾರ್ಥನಾ ಮಾಡ್ತಿದ್ದೆ," ಎಂದರು.

"ಆಕೀನೂ ಅದನ್ನ ಮಾಡಿದಳ್ರಿ," ಎಂದೆ.

ದಹಿಸರ್ ಬಂತು. ಹತ್ತುವವರು ನುಗ್ಗಿದರು, ನಾವು ಅವರ ನಡುವೆ ದಾರಿ ಮಾಡಿಕೊಂಡು ಇಳಿದೆವು. ಸೇತುವೆಯ ಮೆಟ್ಟಿಲ ಮೇಲೆ ಅವರು ಕಂಬಿ ಹಿಡಿದುಕೊಂಡು ನಿಂತುಬಿಟ್ಟರು, ಇನ್ನೊಂದು ಕೈ ಎದೆಯ ಮೇಲಿತ್ತು. ಏನಾಯಿತು ಎಂದು ಕೇಳಿದೆ. ಏನಿಲ್ಲ ಎಂದರು. ನಾನು ಬಿಡಲಿಲ್ಲ. ಜನ ತಳ್ಳಿಕೊಂಡು ಹೋಗುತ್ತಿದ್ದರೂ ಅಲ್ಲೇ ನಿಂತು, ಎಲ್ಲಿ ನೋವು, ಎಷ್ಟು ದಿನದಿಂದ, ಬಾಯಿ ಬಿಟ್ಟು ಹೇಳಿ ಎಂದು ಗದರಿಸಿ ಕೇಳಿದೆ.